ಹೆಲ್ಮೆಟ್ಟಿನೊಳಗಿನ ಗಾಳಿ

“ಈಗ?”

“ಕೇಳಿಸ್ತಿದೆ ಸರ್.”

“ನನ್ನ ಮಾತಲ್ಲಮ್ಮ, ಗಾಳಿ. ಗಾಳಿ ಕೇಳಿಸ್ತಿದೆಯಾ?”

ಆ ಕಡೆ ಅವಳು ಉಸಿರು ಹಿಡಿದು ಆಲಿಸುತ್ತಿದ್ದಳು. ಈ ಕಡೆ ತಂಟೆ ಸಾಹೇಬರು ಸೇತುವೆಯ ಮೇಲೆ ಬೈಕಿನ ಕಿವಿ ಹಿಂಡುತ್ತಿದ್ದರು. ಎದುರುಗಾಳಿ ಅಂಗಿಯೊಳಗೆ ನುಗ್ಗಿ ಬೆನ್ನನ್ನು ಚೀಲದಂತೆ ಉಬ್ಬಿಸಿತ್ತು. ಗಾಡಿ ಓಡಿಸುತ್ತ ಫೋನಿನಲ್ಲಿ ಮಾತಾಡುವವರನ್ನು ರಸ್ತೆಬದಿಗೆ ನಿಲ್ಲಿಸಿ ಬೆವರಿಳಿಸುವುದೇ ಅವರ ಈಗಿನ ಉದ್ಯೋಗ. ಇವತ್ತು ಅವರೇ ಆ ಕೆಲಸ ಮಾಡುತ್ತಿದ್ದರು. ಪೊಲೀಸ್ ಇಲಾಖೆಯವರು ಯಾರಾದರೂ ನೋಡಿದ್ದರೆ ಬಾಯ್ತುಂಬ ನಗುತ್ತಿದ್ದರು.

“ಇಲ್ಲ ಸರ್. ನೀವು ರೂಮಲ್ಲಿ ಕೂತು ಮಾತಾಡಿದ ಹಾಗಿದೆ.”

“ಇನ್ನೂ ಜೋರಾಗಿ ಹೋಗ್ತೀನಿ. ಈಗ?”

“ಇಲ್ಲ. ಅವತ್ತು ಹೀಗಿರಲಿಲ್ಲ. ಅವತ್ತು ಬರೀ ಗಾಳಿ. ನನ್ನ ಮಾತು ನನಗೇ ಕೇಳಿಸದಷ್ಟು.”

ತಿರುವು ಬಂತು. ಸಾಹೇಬರು ವೇಗ ಇಳಿಸಿ ಬೈಕನ್ನು ಬದಿಗೆ ಹಾಕಿದರು. ಇದೇ ತಿರುವಿನ ತಡೆಗೋಡೆಗೆ ಬಡಿದು ಅವಳ ಗಂಡ ಸತ್ತಿದ್ದ. ಆಸ್ಪತ್ರೆಗಳಿಂದ ರಕ್ತದ ಸೀಸೆಗಳನ್ನು ಲ್ಯಾಬಿಗೆ ಸಾಗಿಸುವ ಬೈಕ್ ಸವಾರ ಅವನು. ದಪ್ಪ ಗಾಜಿನ ಕನ್ನಡಕ ಹಾಕುತ್ತಿದ್ದುದರಿಂದ ಜೊತೆಯವರೆಲ್ಲ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು. ಸಾಯುವ ಗಳಿಗೆಯಲ್ಲಿ ಅವನ ಫೋನಿಗೆ ಹೆಂಡತಿಯ ಕರೆ ಬಂದಿತ್ತು, ಆ ಕರೆಯನ್ನು ಎತ್ತಲಾಗಿತ್ತು. ಇಷ್ಟು ಸಾಕಾಯಿತು ಎಲ್ಲರಿಗೂ. ಫೋನಿನಲ್ಲಿ ಮಾತಾಡುತ್ತ ಮೈಮರೆತ, ಸತ್ತ. ನಾಳೆ ಬೆಳಿಗ್ಗೆ ಕಡತ ಮುಚ್ಚಬೇಕೆಂದು ಮೇಲಿನವರ ಅಪ್ಪಣೆಯಾಗಿತ್ತು.

ತಂಟೆ ಸಾಹೇಬರಿಗೆ ಆ ಹೆಸರು ಬಂದಿದ್ದೇ ಕಡತ ಮುಚ್ಚದೆ ತಂಟೆ ಮಾಡುತ್ತಾರೆಂದು. ಕೊಲೆ ಕೇಸುಗಳಿಂದ ಎತ್ತಿ ಅವರನ್ನು ಅಪಘಾತದ ಮೇಜಿಗೆ ಬಿಸಾಡಿದ್ದೂ ಅದೇ ಕಾರಣಕ್ಕೆ. ಬೈಕು ಎಡಕ್ಕೆ ಬಿದ್ದಿತ್ತು. ಆದರೆ ಬಲಗಡೆಯ ಸ್ಯಾಂಪಲ್ ಪೆಟ್ಟಿಗೆ ಒಳಕ್ಕೆ ಕುಸಿದಿತ್ತು, ಯಾರೋ ಒದ್ದ ಹಾಗೆ. ಇದನ್ನು ಹೇಳಿದಾಗ ಮೇಲಿನವರು ಆಕಳಿಸಿದ್ದರು.

“ಸರ್, ಇದ್ದೀರಾ?” ಹೆಲ್ಮೆಟ್ಟಿನೊಳಗೆ ಅವಳ ದನಿ ತೀರಾ ಹತ್ತಿರದಲ್ಲಿತ್ತು.

“ಇದ್ದೀನಮ್ಮ. ಆಮೇಲೆ ಏನು ಕೇಳಿಸ್ತು ಅಂದಿದ್ದೆ? ಇನ್ನೊಂದು ಸಲ ಹೇಳು.”

“ಗಾಳಿ. ಆಮೇಲೆ ಇಂಜಿನ್ನು ಜೋರಾಗಿ ಅರಚಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಗಾಳಿ ನಿಂತುಹೋಯ್ತು. ಬಟ್ಟೆಯೊಳಗಿಂದ ಬಂದ ಹಾಗೆ ಜನ ಕೂಗೋದು ಕೇಳಿಸ್ತು. ಅವರು ಮಾತ್ರ ಒಂದು ಮಾತೂ ಆಡಲಿಲ್ಲ.” ಅವಳು ತಡೆದಳು. “ನಾನು ಫೋನ್ ಮಾಡಬಾರದಿತ್ತು ಸರ್. ಊಟಕ್ಕೆ ಬರ್ತೀರಾ ಅಂತ ಕೇಳೋಕೆ ಒಂದು ಜೀವ ತೆಗೆದೆ.”

“ಫೋನ್ ಇಡಮ್ಮ,” ಎಂದರು ಸಾಹೇಬರು. ಅವರಿಗೆ ಸಮಾಧಾನ ಹೇಳಲು ಬರುತ್ತಿರಲಿಲ್ಲ.

ಸಾವಿನ ಮನೆಯಲ್ಲಿ, ನೆಂಟರೆಲ್ಲರ ಎದುರು, ಅತ್ತೆ ಸೊಸೆಯ ಮುಖಕ್ಕೆ ಹೇಳಿದ್ದರು: ನಿನ್ನ ಫೋನೇ ನನ್ನ ಮಗನನ್ನ ತಿಂತು. ಅಂದಿನಿಂದ ಅವಳು ಅಣ್ಣನ ಮನೆಯ ಹಿಂಬದಿಯ ಕೋಣೆ ಸೇರಿದ್ದಳು. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ಆ ಮನೆಯಲ್ಲಿ ಅವಳೆದುರು ಯಾರೂ ಫೋನು ಮುಟ್ಟುತ್ತಿರಲಿಲ್ಲ. ರಿಂಗಾದರೆ ಎದ್ದು ಹೊರಗೆ ಹೋಗುತ್ತಿದ್ದರು. ಇದಕ್ಕಿಂತ ಎದುರೆದುರು ಬೈದಿದ್ದರೆ ವಾಸಿಯಿತ್ತು.

* * *

ಹೆಲ್ಮೆಟ್ ಅಂಗಡಿಯವನು ಬಾಯಿ ತೆರೆದರೆ ಮುಚ್ಚುವವನಲ್ಲ. ಸತ್ತವನ ಹೆಡ್‌ಸೆಟ್ಟನ್ನು ಒಡೆದ ಹೆಲ್ಮೆಟ್ಟಿನಿಂದ ಬಿಚ್ಚಿ, ಅದೇ ಬಗೆಯ ಹೊಸದಕ್ಕೆ ಕೂರಿಸಿ ಸಾಹೇಬರಿಗೆ ಕೊಟ್ಟವನು ಅವನೇ. ಈಗ ಅದನ್ನು ವಾಪಸ್ಸು ಬಿಚ್ಚುತ್ತ ವ್ಯಾಪಾರಕ್ಕೇ ಇಳಿದುಬಿಟ್ಟ.

“ನಿಮಗೂ ಒಂದು ಹಾಕಿಬಿಡ್ಲಾ ಸರ್? ಒಳ್ಳೇ ಸೆಟ್ಟು.”

“ಮೊದಲು ಅವನು ಯಾಕೆ ಇದನ್ನೇ ತಗೊಂಡ ಹೇಳು.”

“ಅಯ್ಯೋ, ಅವರು ತಗೊಂಡಿದ್ದು ಒಂದು ಕಥೆ ಸರ್. ನನ್ನ ತಲೆ ಚಿಟ್ಟು ಹಿಡಿಸಿಬಿಟ್ರು.” ಅವನು ಹೆಲ್ಮೆಟ್ಟಿನ ಮೆತ್ತೆ ಸರಿಸಿ ಕಿವಿಯ ಜಾಗ ತೋರಿಸಿದ. “ಕನ್ನಡಕದವರಿಗೆ ದಪ್ಪ ಸ್ಪೀಕರ್ ಆಗಲ್ಲ. ಕಡ್ಡಿ ಕಿವಿಗೆ ಒತ್ತುತ್ತೆ, ಅರ್ಧ ದಾರೀಲಿ ತಲೆನೋವು. ಅದಕ್ಕೆ ಈ ತೆಳ್ಳಗಿನದು. ಮುಖಪೂರ್ತಿ ಮುಚ್ಚೋ ಹೆಲ್ಮೆಟ್ಟಲ್ವಾ, ಮೈಕು ಕಡ್ಡಿ ಥರದ್ದು ಬೇಡ. ಈ ಗುಂಡಿ ಮೈಕನ್ನ ಗದ್ದದ ಹತ್ರ ಅಂಟಿಸ್ತೀವಿ. ಮೇಲೆ ಸ್ಪಂಜು ಮುಚ್ತೀವಿ. ಬಿರುಗಾಳಿ ಬಂದ್ರೂ ಆ ಕಡೆಯವರಿಗೆ ಗೊತ್ತಾಗಲ್ಲ.”

“ಸ್ಪಂಜು ಕಿತ್ತುಹೋಗಿದ್ರೆ?”

“ಎಲ್ಲಿ ಕಿತ್ತಿದೆ ಸರ್? ಅಪಘಾತ ಆದ್ಮೇಲೂ ಹಾಗೇ ಇದೆಯಲ್ಲ, ನಾನೇ ಬಿಚ್ಚಿದ್ದು.”

ಹೌದು. ಅದನ್ನು ಸಾಹೇಬರೂ ನೋಡಿದ್ದರು. ತಲೆ ಒಡೆದಿತ್ತು, ಸ್ಪಂಜು ಒಡೆದಿರಲಿಲ್ಲ. ಅವಳಿಗೆ ಗಾಳಿ ಕೇಳಿಸಿದ್ದು ನಿಜವಾದರೆ ಅದು ಈ ಹೆಲ್ಮೆಟ್ಟಿನ ಗಾಳಿಯಲ್ಲ.

“ಬರೀ ಗಾಳಿ ಕೇಳಿಸಬೇಕಂದ್ರೆ ಎಂಥಾ ಸೆಟ್ಟು ಬೇಕು?”

“ಮುಖ ತೆರೆದಿರೋ ಅರ್ಧ ಹೆಲ್ಮೆಟ್ಟು, ಅದಕ್ಕೊಂದು ಕಡ್ಡಿ ಮೈಕು, ಸ್ಪಂಜಿಲ್ಲದೆ. ನಾನು ಬೇಡ ಅಂತ ಬಡ್ಕೊಂಡ್ರೂ ತಗೊಳ್ಳೋರು ಇದ್ದಾರೆ ಸರ್. ಅವರ ಜೊತೆಗೇ ಬಂದಿದ್ದರಲ್ಲ ಇನ್ನೊಬ್ರು, ಅದೇ ಕೆಲಸದವರು. ಮುಖ ಮುಚ್ಚಿದ್ರೆ ಯಾರು ನೋಡ್ತಾರೆ ಅಂತ ಅರ್ಧ ಹೆಲ್ಮೆಟ್ಟೇ ಬೇಕಂದ್ರು. ಸ್ಪಂಜು ಮೂಗಿನ ಕೆಳಗೆ ಅಸಹ್ಯ ಕಾಣುತ್ತೆ ಅಂತ ಇಲ್ಲೇ ಕಿತ್ತು ಬಿಸಾಕಿದ್ರು.”

ಸಾಹೇಬರ ಕಿವಿ ನೆಟ್ಟಗಾಯಿತು. ಅದು ಸವಾರರೆಲ್ಲ ಶೋಕಿ ಎಂದು ಕರೆಯುವವನು. ಹೆಸರಿಗೆ ತಕ್ಕ ಮನುಷ್ಯ, ಕನ್ನಡಕನ ಜೀವದ ಗೆಳೆಯ. ಹೆಣ ಎತ್ತುವಾಗ ಎಲ್ಲರಿಗಿಂತ ಜೋರಾಗಿ ಅತ್ತವನು. ಅಪಘಾತದ ಹೊತ್ತಿನಲ್ಲಿ ತಾನು ಊರಿನ ಇನ್ನೊಂದು ತುದಿಯಲ್ಲಿ ಸೀಸೆ ಇಳಿಸುತ್ತಿದ್ದೆ ಎಂದು ಹೇಳಿಕೆ ಕೊಟ್ಟಿದ್ದ.

“ಅವನ ಸೆಟ್ಟಿಗೂ ಸತ್ತವನ ಫೋನಿಗೂ ಏನಾದ್ರೂ ಸಂಬಂಧ ಇತ್ತಾ?”

ಅಂಗಡಿಯವನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಿದ. “ಸಂಬಂಧ ಅಂದ್ರೆ... ಅವತ್ತು ಆ ಶೋಕಿಯವರ ಫೋನಲ್ಲಿ ಚಾರ್ಜ್ ಇರಲಿಲ್ಲ. ಸೆಟ್ಟು ಕೆಲಸ ಮಾಡುತ್ತೋ ಇಲ್ವೋ ನೋಡೋಕೆ ಕನ್ನಡಕದವರ ಫೋನಿಗೇ ಜೋಡಿಸಿ ಹಾಡು ಹಾಕಿ ತೋರಿಸಿದೆ.”

“ಆಮೇಲೆ ಅಳಿಸಿದೆಯಾ?”

“ಯಾರು ಅಳಿಸ್ತಾರೆ ಸರ್? ಎಲ್ಲರೂ ಹೀಗೇ ಟೆಸ್ಟ್ ಮಾಡೋದು. ಎರಡು ಫೋನು ಹಿಡಿಯೋ ಸೆಟ್ಟು ಅದು. ಒಂದು ಅವರದೇ, ಇನ್ನೊಂದು ಕನ್ನಡಕದವರದು ನೆನಪಲ್ಲಿ ಕೂತಿರುತ್ತೆ.”

“ಇಬ್ಬರೂ ಒಂದೇ ಕಡೆ ಇದ್ದರೆ ಫೋನು ಯಾವ ಸೆಟ್ಟಿಗೆ ಹೋಗುತ್ತೆ?”

“ಯಾವುದು ಮೊದಲು ಆನ್ ಆಗುತ್ತೋ ಅದಕ್ಕೇ ಅಂಟ್ಕೊಳ್ಳುತ್ತೆ. ಅದು ಮಾಲೀಕರ ಮುಖ ನೋಡಲ್ಲ.”

ಸಾಹೇಬರು ಸ್ಟೂಲಿನ ಮೇಲೆ ಕುಳಿತರು. ಅವತ್ತು ಬೆಳಿಗ್ಗೆ ಸವಾರರ ಶೆಡ್ಡಿನಲ್ಲಿ ಶೋಕಿ ಮೊದಲು ಸೆಟ್ಟು ಆನ್ ಮಾಡಿದ್ದಾನೆ. ಕನ್ನಡಕನ ಫೋನು ಹೋಗಿ ಅದಕ್ಕೆ ಅಂಟಿಕೊಂಡಿದೆ. ಹೆಂಡತಿಯ ಕರೆ ಬಂದದ್ದು ಗಂಡನ ಫೋನಿಗೆ, ರಿಂಗಾದದ್ದು ಗೆಳೆಯನ ಕಿವಿಯಲ್ಲಿ. ಗಂಡ ಮಾತಾಡಲಿಲ್ಲ, ಏಕೆಂದರೆ ಗಂಡನಿಗೆ ಕರೆ ಬಂದದ್ದೇ ಗೊತ್ತಿರಲಿಲ್ಲ.

“ಕೊನೇ ಪ್ರಶ್ನೆ. ಮಾತಿನ ಮಧ್ಯೆ ಆ ಸೆಟ್ಟು ದೂರ ಹೋಗಿಬಿಟ್ರೆ?”

“ಎಷ್ಟು ದೂರ ಸರ್? ಈ ಅಂಗಡಿಯಿಂದ ಎದುರಿನ ಕಂಬದ ತನಕ ಎಳೀಬಹುದು. ಅದಕ್ಕಿಂತ ಆಚೆ ಹೋದ್ರೆ ಕೊಂಡಿ ಕಳಚುತ್ತೆ, ಕರೆ ವಾಪಸ್ಸು ಫೋನಿಗೇ ಬೀಳುತ್ತೆ. ಜೇಬಲ್ಲಿದ್ರೆ ಜೇಬಿನ ಸದ್ದೇ ಕೇಳಿಸುತ್ತೆ.”

ಬಟ್ಟೆಯೊಳಗಿಂದ ಬಂದ ಹಾಗೆ ಜನ ಕೂಗೋದು ಕೇಳಿಸ್ತು, ಅಂದಿದ್ದಳು. ಗಾಳಿ ನಿಂತದ್ದು ಕನ್ನಡಕನ ಬೈಕು ಬಿದ್ದಾಗಲ್ಲ. ಗಾಳಿಯ ಹೆಲ್ಮೆಟ್ಟು ಅಲ್ಲಿಂದ ಪರಾರಿಯಾದಾಗ.

ಸಾಹೇಬರು ಅಂಗಡಿಯಿಂದ ಹೊರಬಿದ್ದವರೇ ಒಂದು ಅವಸರದ ಕೆಲಸ ಮಾಡಿದರು. ಕನ್ನಡಕನ ತಾಯಿಗೆ ಫೋನ್ ಹಚ್ಚಿ, “ನಿಮ್ಮ ಸೊಸೆಯ ಮಾತು ನಿಮ್ಮ ಮಗನ ಕಿವಿಗೆ ಬಿದ್ದೇ ಇಲ್ಲ ಕಣಮ್ಮ. ಅವಳ ತಲೆ ಮೇಲೆ ಗೂಬೆ ಕೂರಿಸಬೇಡಿ. ಸಂಜೆ ಅವಳ ಅಣ್ಣನ ಮನೆಗೆ ಬನ್ನಿ, ಎದುರೇ ಹೇಳ್ತೀನಿ,” ಎಂದುಬಿಟ್ಟರು. ಬದುಕಿಡೀ ಕಹಿ ಸುದ್ದಿಗಳನ್ನೇ ಹಂಚಿದ ಮನುಷ್ಯನಿಗೆ ಒಂದು ಒಳ್ಳೆಯ ಸುದ್ದಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಅಭ್ಯಾಸವಿರಲಿಲ್ಲ.

* * *

ಸವಾರರ ಶೆಡ್ಡು ಎಂದರೆ ತಗಡಿನ ಚಾವಣಿ, ಒಂದು ಮೂಲೆಯಲ್ಲಿ ಮಂಜುಗಡ್ಡೆಯ ಪೆಟ್ಟಿಗೆ, ಇನ್ನೊಂದರಲ್ಲಿ ಕುತ್ತಿಗೆ ತಿರುಗಿಸುತ್ತ ಗೊರಗುಟ್ಟುವ ಸ್ಟ್ಯಾಂಡ್ ಫ್ಯಾನು. ಶೋಕಿ ಹೊರಡುವ ಸಿದ್ಧತೆಯಲ್ಲಿದ್ದ. ಅರ್ಧ ಹೆಲ್ಮೆಟ್ಟು ತಲೆ ಮೇಲಿತ್ತು. ಮೈಕಿನ ಬೋಳು ಕಡ್ಡಿ ತುಟಿಯ ಪಕ್ಕಕ್ಕೆ ಬಾಗಿತ್ತು. ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುತ್ತಿದ್ದ.

“ಬನ್ನಿ ಸಾಹೇಬ್ರೆ. ಕಡತ ಮುಗೀತಂತೆ?”

“ಮುಗೀತಾ ಬಂತು. ನಿನ್ನ ಹೇಳಿಕೆ ಒಂದು ಸಲ ನೋಡೋಣ ಅಂತ. ಅವತ್ತು ನೀನು ಆ ತುದಿಯಲ್ಲಿದ್ದೆ.”

“ಹೌದು ಸರ್. ಅವನು ಆ ಕಡೆ, ನಾನು ಈ ಕಡೆ. ಜೊತೆಗಿದ್ದಿದ್ರೆ ಹೀಗಾಗೋಕೆ ಬಿಡ್ತಿದ್ನಾ?” ಶೋಕಿಯ ಕಣ್ಣಲ್ಲಿ ನೀರು ತುಂಬಿತು. ಬೇಕೆಂದಾಗ ಬರುವ ನೀರು ಅದು.

ಸಾಹೇಬರ ಅಂಗಿಯ ಜೇಬಿನಲ್ಲಿ ಕನ್ನಡಕನ ಫೋನಿತ್ತು. ಗಾಜು ಸೀಳಿತ್ತು, ಜೀವ ಇತ್ತು. ಬಾಗಿಲಲ್ಲೇ ಅದನ್ನು ಆನ್ ಮಾಡಿಕೊಂಡು ಬಂದಿದ್ದರು. ಈಗ ತಮ್ಮ ಫೋನನ್ನು ಕಿವಿಗಿಟ್ಟುಕೊಂಡು, “ಒಂದು ನಿಮಿಷ, ಮನೆಗೆ ಮಾತಾಡ್ಬಿಡ್ತೀನಿ,” ಎನ್ನುತ್ತ ಸತ್ತವನ ನಂಬರು ಒತ್ತಿದರು.

ಶೋಕಿ ಇನ್ನೂ ಕನ್ನಡಿಯಲ್ಲಿದ್ದ. ಎಡಗೈ ತನ್ನಷ್ಟಕ್ಕೆ ಮೇಲೆದ್ದು ಹೆಲ್ಮೆಟ್ಟಿನ ಎಡಬದಿಯ ಗುಂಡಿಯನ್ನು ಒತ್ತಿತು. ದಿನವಿಡೀ ಬಲಗೈ ಆಕ್ಸಿಲರೇಟರಿನ ಮೇಲೇ ಇರುವವರಿಗೆ ಎಡಗೈಯ ಕೆಲಸ ನೋಡಿ ಮಾಡುವಂಥದ್ದಲ್ಲ.

“ಹಲೋ,” ಎಂದ ಶೋಕಿ.

ಸಾಹೇಬರ ಫೋನಿನಲ್ಲಿ ಫ್ಯಾನಿನ ಗಾಳಿ ಭೋರೆಂದು ತುಂಬಿಕೊಂಡಿತು. ಅದರ ನಡುವೆ ಆ ಹಲೋ.

“ಕನ್ನಡಕಾನಾ ಮಾತಾಡ್ತಿರೋದು?” ಎಂದರು ಸಾಹೇಬರು, ಎದುರೇ ನಿಂತು. “ನಿನ್ನ ನಂಬರಿಗೆ ಹಚ್ಚಿದ್ರೆ ಇವನ ಕಿವೀಲಿ ರಿಂಗಾಗ್ತಿದೆಯಲ್ಲಪ್ಪ.”

ಶೋಕಿ ಹೆಲ್ಮೆಟ್ಟನ್ನು ಕಿತ್ತು ತೆಗೆದ. ಕೂದಲು ಬೆವರಿಗೆ ಹಣೆಗಂಟಿತ್ತು. ಈಗ ಕನ್ನಡಿಯತ್ತ ನೋಡಲಿಲ್ಲ.

“ಇದೇನು ಆಟ ಸರ್?”

“ಅವತ್ತೂ ಹೀಗೇ ಒತ್ತಿದೆ. ನಿನ್ನದೇ ಕರೆ ಅಂದ್ಕೊಂಡು. ಊರಿನ ಆ ತುದಿಯಲ್ಲಿದ್ದವನ ಕಿವಿಗೆ ಇದು ಕೇಳಿಸೋಕೆ ಸಾಧ್ಯ ಇಲ್ಲ. ಶೆಡ್ಡಿನಿಂದ ಸೇತುವೆ ತನಕ ಅವನ ಬೆನ್ನು ಬಿಟ್ಟಿಲ್ಲ ನೀನು. ಬಿಟ್ಟಿದ್ರೆ ಆ ಕೊಂಡಿ ಯಾವಾಗಲೋ ಕಳಚ್ತಿತ್ತು.”

ಶೋಕಿ ಮಂಜುಗಡ್ಡೆಯ ಪೆಟ್ಟಿಗೆಯ ಮೇಲೆ ಕುಕ್ಕರಿಸಿದ.

“ಪಕ್ಕದಲ್ಲಿದ್ದೆ,” ಎಂದ ಕೊನೆಗೆ. “ಮಾತಾಡ್ಕೊಂಡು ಹೋಗ್ತಿದ್ವಿ. ಅವನೇ ಬಿದ್ದ. ಹೆದರಿ ಓಡಿಹೋದೆ. ಅಷ್ಟೇ.”

“ಬಲಗಡೆ ಪೆಟ್ಟಿಗೆ ಒದ್ದವರು ಯಾರು?”

“ನನಗೇನು ಗೊತ್ತು?”

“ನಿನ್ನ ಬೂಟನ್ನೇ ಕೇಳೋಣ ಬಿಡು. ಅದು ನಿನಗಿಂತ ವಾಸಿ ಮಾತಾಡುತ್ತೆ.”

ಸಾಹೇಬರು ಹೊರಗೆ ನಿಂತಿದ್ದ ಪೇದೆಗೆ ಸನ್ನೆ ಮಾಡಿದರು. ಪೇದೆ ಒಳಗೆ ಬಂದು ಹೆಲ್ಮೆಟ್ಟನ್ನೂ ಬೂಟನ್ನೂ ಚೀಲಕ್ಕೆ ಹಾಕಿದ. ಬರಿಗಾಲಿನ ಶೋಕಿ ತಟ್ಟನೆ ಚಿಕ್ಕವನಾಗಿ ಕಂಡ. ಆದರೆ ಮುಖದಲ್ಲಿ ಏನೋ ಒಂದು ಬದಲಾಗಿತ್ತು. ನಗು ಎನ್ನಲೂ ಬಾರದ ನಗು.

“ಸಾಹೇಬ್ರೆ, ಅವಳು ಆ ಫೋನಲ್ಲಿ ಏನಂದಳು ಅಂತ ಹೇಳಿದ್ದಾಳೆ ನಿಮಗೆ?”

“ಊಟಕ್ಕೆ ಬರ್ತೀರಾ ಅಂತ ಕೇಳಿದ್ದಳು.”

“ಊಟ.” ಶೋಕಿ ಆ ಮಾತನ್ನು ಬಾಯಲ್ಲಿ ಹೊರಳಿಸಿದ. “ಅವಳ ಮಾತು ಪೂರ್ತಿ ಕೇಳಿದೋನು ನಾನು. ಹೋಗಿ ಇನ್ನೊಂದು ಸಲ ಕೇಳಿ. ಕೇಳಿದ್ಮೇಲೆ ನನ್ನ ಮೇಲೆ ಕೊಲೆ ಕೇಸು ಹಾಕ್ತೀರೋ, ಅಪಘಾತ ಅಂತ ಮುಚ್ತೀರೋ ನೀವೇ ನೋಡಿ. ಕೊಲೆ ಅಂದ್ರೆ ಅವಳ ಮಾತನ್ನ ಕೋರ್ಟಲ್ಲಿ ಎಲ್ಲರೆದುರು ಓದಬೇಕಾಗುತ್ತೆ. ಅವಳು ಆಮೇಲೆ ಬದುಕಿರ್ತಾಳಾ ನನಗೆ ಗೊತ್ತಿಲ್ಲ.”

ಸಾಹೇಬರಿಗೆ ಅವನ ಕೆನ್ನೆಗೊಂದು ಬಿಡಬೇಕೆನಿಸಿತು. ಕೈ ಜೇಬಿಗೆ ಹಾಕಿಕೊಂಡು ಹೊರಗೆ ಬಂದರು.

* * *

ಅಣ್ಣನ ಮನೆಯ ಹಿಂಬದಿಯ ಕೋಣೆಯಲ್ಲಿ ಅತ್ತೆ ಆಗಲೇ ಬಂದು ಕುಳಿತಿದ್ದರು. ಪಕ್ಕದಲ್ಲಿ ಸೊಸೆಯ ಸೀರೆಗಳ ಗಂಟು. ಅದನ್ನು ಕೊಟ್ಟು ಹೋಗಲು ತಂದದ್ದೋ ಅವಳನ್ನು ಮನೆಗೆ ಕರೆದೊಯ್ಯಲು ಇಲ್ಲೇ ಕಟ್ಟಿದ್ದೋ, ಸಾಹೇಬರಿಗೆ ಮೊದಲು ತಿಳಿಯಲಿಲ್ಲ. ಅಂಗಡಿಯವನು ಹೇಳಿದ್ದನ್ನೆಲ್ಲ ಅವರು ಬಿಡಿಸಿ ಹೇಳಿದರು. ಶೋಕಿಯ ಹೆಸರನ್ನು ಮಾತ್ರ ನುಂಗಿಕೊಂಡರು. ಕರೆ ಬೇರೆ ಹೆಡ್‌ಸೆಟ್ಟಿಗೆ ಹೋಗಿಬಿಟ್ಟಿತ್ತು, ಕನ್ನಡಕನಿಗೆ ರಿಂಗೂ ಕೇಳಿಸಿರಲಿಲ್ಲ, ಕೊನೆಯವರೆಗೂ ಅವನ ಗಮನ ದಾರಿಯ ಮೇಲೇ ಇತ್ತು ಎಂದರು.

ಅವಳು ಗೋಡೆಗೆ ಒರಗಿ ಕೆಳಗೆ ಜಾರಿ ಕುಳಿತಳು. ಇಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಬಂತು. ಅತ್ತೆ ಎದ್ದುಹೋಗಿ ಅವಳ ಪಕ್ಕದಲ್ಲಿ ನೆಲದ ಮೇಲೇ ಕುಳಿತು ಕೈ ಹಿಡಿದುಕೊಂಡರು.

“ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಏಳು, ಮನೆಗೆ ಹೋಗೋಣ,” ಎಂದರು.

ಸಾಹೇಬರು ಇಲ್ಲಿಗೇ ಎದ್ದು ಹೋಗಿಬಿಡಬೇಕೆಂದುಕೊಂಡರು. ಇವತ್ತೊಂದು ದಿನ ಹೆಸರಿಗೆ ತಕ್ಕ ತಂಟೆ ಮಾಡದೆ. ಆದರೆ ಹೋಗಲಾಗಲಿಲ್ಲ. ಒದ್ದವನು ಬರಿಗಾಲಲ್ಲಿ ಠಾಣೆಯಲ್ಲಿ ಕುಳಿತಿದ್ದ, ಯಾಕೆ ಒದ್ದ ಎನ್ನುವುದು ಈ ಕೋಣೆಯಲ್ಲಿತ್ತು.

“ಅಮ್ಮಾ, ಅವತ್ತು ಫೋನಲ್ಲಿ ನೀನು ಊಟದ ವಿಷಯ ಅಷ್ಟೇನಾ ಕೇಳಿದ್ದು?”

ಅವಳು ಕಣ್ಣೊರೆಸಿಕೊಂಡಳು. ಅತ್ತೆಯ ಮುಖ ನೋಡಿದಳು. ಹೊಟ್ಟೆಯೊಳಗಿನ ಕಲ್ಲು ಒಂದು ಇಳಿದ ಮೇಲೆ ಇನ್ನೊಂದನ್ನೂ ಇಳಿಸಿಬಿಡುವ ಧೈರ್ಯ ಬಂದಂತಿತ್ತು.

“ಸುಳ್ಳು ಹೇಳಿದ್ದೆ ಸರ್. ಅವರ ಹೆಸರು ಕೆಡಬಾರದು ಅಂತ. ಅವರ ಆ ಸ್ನೇಹಿತ ಇದ್ದಾನಲ್ಲ, ಶೋಕಿ. ಒಂದಿನ ಅವನ ಪೆಟ್ಟಿಗೇಲಿ ಮಂಜು ಕರಗಿ ಸೀಸೆಗಳ ಮೇಲಿನ ಚೀಟಿಗಳೆಲ್ಲ ಬಿಟ್ಕೊಂಡು ಬಂದ್ವಂತೆ. ಯಾವುದು ಯಾರದು ಅಂತ ಗೊತ್ತಿಲ್ಲ. ವಾಪಸ್ಸು ಹೋಗಿ ಹೇಳೋದು ಬಿಟ್ಟು, ತೋಚಿದ ಹಾಗೆ ಅಂಟಿಸಿ ಕೊಟ್ಟುಬಿಟ್ಟ. ಇವರು ನೋಡಿದ್ರು. ಆಮೇಲೆ ಯಾರೋ ಒಬ್ಬ ಹೆಂಗಸಿಗೆ ತಪ್ಪು ರಕ್ತ ಕೊಟ್ಟು, ಅವಳು ಸತ್ತುಹೋದಳಂತೆ. ಇವರು ನಿದ್ದೆ ಮಾಡ್ತಿರಲಿಲ್ಲ. ಸ್ನೇಹಿತ ಅಂತ ಬಾಯಿ ಬಿಡೋಕೂ ಆಗ್ತಿರಲಿಲ್ಲ.”

“ಅದಕ್ಕೆ ನೀನು?”

“ಅದಕ್ಕೆ ಅವತ್ತು ಫೋನ್ ಮಾಡಿ ಹೇಳಿದೆ. ಇವತ್ತೇ ದೊಡ್ಡ ಡಾಕ್ಟರ ಹತ್ರ ಹೋಗಿ ಹೇಳಿಬಿಡಿ. ಅವನು ಅಂಟಿಸಿದ್ದನ್ನ ಕಣ್ಣಾರೆ ಕಂಡೋರು ನೀವೊಬ್ಬರೇ. ನೀವು ಬಾಯಿ ಬಿಡದೆ ಹೋದ್ರೆ ಯಾರಿಗೂ ಯಾವತ್ತೂ ಗೊತ್ತಾಗಲ್ಲ, ಅಂದೆ.” ಅವಳು ಸಣ್ಣಗೆ ನಿಟ್ಟುಸಿರು ಬಿಟ್ಟಳು. “ಅವರು ಏನೂ ಅನ್ನಲಿಲ್ಲ. ಕೋಪ ಬಂತೇನೋ, ಆ ಕೋಪದಲ್ಲೇ ಹಾಗಾಯ್ತೇನೋ ಅಂತ ಇಷ್ಟು ದಿನ ಸಾಯ್ತಿದ್ದೆ. ಅವರ ಕಿವಿಗೆ ಬೀಳಲೇ ಇಲ್ಲ ಅಂದ್ರಲ್ಲ ಸರ್, ಅಷ್ಟು ಸಾಕು ನನಗೆ.”

ಸಾಹೇಬರು ನೆಲ ನೋಡಿದರು. ಶೋಕಿಯ ಆ ನಗುವಿನ ಅರ್ಥ ಈಗ ಪೂರ್ತಿ ತಿಳಿಯಿತು. ಅವಳು ಇನ್ನೂ ಅದನ್ನು ಕೂಡಿಸಿ ನೋಡಿರಲಿಲ್ಲ. ಅವರು ಬೇಗ ಬೇಗ ಎದ್ದು ಟೋಪಿ ಕೈಗೆತ್ತಿಕೊಂಡರು.

ಅಷ್ಟರಲ್ಲಿ ಅತ್ತೆ ತಲೆ ಎತ್ತಿದರು.

“ಇವಳ ಮಾತು ನನ್ನ ಮಗನ ಕಿವಿಗೆ ಬೀಳಲಿಲ್ಲ, ಸರಿ. ಮತ್ತೆ ಯಾರ ಕಿವಿಗೆ ಬಿತ್ತು ಸಾಹೇಬ್ರೆ?”

ಸೊಸೆಯ ಕೈ ಹಿಡಿದಿದ್ದ ಅವರ ಕೈ ಇನ್ನೂ ಹಾಗೆಯೇ ಇತ್ತು.